ನೇರಕ್ಕೆ ನಿಲ್ಲುವ ಹ್ಯಾಂಡಲ್

ವಾರವೆಲ್ಲ ಕಂಡವರ ಗಾಡಿಯ ಕೆಳಗೆ ಮಲಗಿದ್ದಾಯಿತು, ಭಾನುವಾರವಾದರೂ ನನ್ನ ಮಂಚದ ಮೇಲೆ ಮಲಗೋಣ ಅಂದುಕೊಂಡರೆ ಅದಕ್ಕೂ ಯೋಗ ಬೇಕು. ನಾನು ಕಣ್ಣು ಬಿಡುವ ಹೊತ್ತಿಗೆ ಹೆಂಡತಿ ಸ್ಪ್ಯಾನರ್ ಪೆಟ್ಟಿಗೆಯನ್ನು ಬಾಗಿಲ ಬಳಿ ತಂದಿಟ್ಟಿದ್ದಳು.

"ಅಮ್ಮನ ಗಾಡಿ," ಅಂದಳು.

"ನಾನು ಈ ಮನೆಗೆ ಅಳಿಯನೋ, ಮೆಕ್ಯಾನಿಕ್ಕೋ?"

"ಅಳಿಯ ಅಲ್ಲ, ಮಗಳ ಗಂಡ. ಏಳಿ, ಕಾಫಿ ಆರ್ತಿದೆ."

ನನ್ನ ಅತ್ತೆ ಉಪ್ಪಿನ ಗದ್ದೆಗಳಲ್ಲಿ ಗೇಟು ನೋಡಿಕೊಳ್ಳುವವರು. ಕಡಲು ಏರಿದಾಗ ಹಲಗೆ ಎತ್ತಿ ಕಾಲುವೆಯ ನೀರನ್ನು ಗದ್ದೆಗೆ ಬಿಡಬೇಕು, ಇಳಿಯುವ ಮೊದಲು ಮುಚ್ಚಬೇಕು. ಒಂದು ಗೇಟಿನಿಂದ ಇನ್ನೊಂದಕ್ಕೆ ಕಿರಿದಾದ ಮಣ್ಣಿನ ಬದು, ಕಣ್ಣು ಹಾಯುವಷ್ಟು ದೂರ ನೆಟ್ಟಗೆ. ಬದುವಿನ ಒಂದು ಕಡೆ ಮೊಣಕಾಲುದ್ದ ನೀರಿನ ಗದ್ದೆ, ಇನ್ನೊಂದು ಕಡೆ ಆಳುದ್ದಕ್ಕೂ ಮಿಕ್ಕಿದ ಕಾಲುವೆ. ಅದರ ಮೇಲೆ ಓಡಾಡಲು ಅವರಿಗೊಂದು ಮೂರು ಚಕ್ರದ ಗಾಡಿ. ಬೈಕಿನ ಮೇಲೆ ಕೂತಂತೆ ಕೂರಬೇಕು. ಮುಂದೆ ಒಂದು ಚಕ್ರ, ಹಿಂದೆ ಎರಡು, ಮೂರಕ್ಕೂ ಉಬ್ಬಿದ ದಪ್ಪ ಟೈರು. ರಸ್ತೆಗೆ ನಾಲಾಯಕ್ಕು, ಕೆಸರಿಗೆ ಹೇಳಿ ಮಾಡಿಸಿದ್ದು. ಮಾವ ಹೋದ ಮೇಲೆ ಆ ಗಾಡಿಯೂ ಗೇಟಿನ ಕೆಲಸವೂ ಒಟ್ಟಿಗೇ ಅತ್ತೆಯ ಪಾಲಿಗೆ ಬಂದಿದ್ದವು.

ಗಾಡಿಯ ಮೇಲೆ ಅತ್ತೆಯ ಠೀವಿ ನೋಡಬೇಕು! ಎಡಗೈ ತೊಡೆಯ ಮೇಲೆ, ಬಲಗೈಯೊಂದೇ ಹ್ಯಾಂಡಲ್ ಮೇಲೆ, ಹೆಬ್ಬೆರಳಲ್ಲಿ ಆಕ್ಸಿಲರೇಟರ್. ಈಚೆಗೆ ಒಂದೆರಡು ವರ್ಷದಿಂದ ಶುರುವಾದ ಶೋಕಿ ಅದು. ಉಪ್ಪು ಎಳೆಯುವ ಹೆಂಗಸರು ಅವರಿಗೆ 'ಒಂಟಿಗೈ ಮಹಾರಾಣಿ' ಎಂದು ಹೆಸರಿಟ್ಟಿದ್ದರು. ನಾವೂ ಮನೆಯಲ್ಲಿ ಅದನ್ನೇ ಹೇಳಿ ನಗುತ್ತಿದ್ದೆವು.

ಈಗ ಹೊಸ ಮೇಲ್ವಿಚಾರಕ ಬಂದಿದ್ದ. ಹೊಸದಾಗಿ ಬಂದ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವನೂ ಗಾಡಿಯ ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿ, ಟಕಟಕ ಸದ್ದು ಕೇಳಿ, "ಸೋಮವಾರದೊಳಗೆ ಸರಿ ಆಗ್ಲಿಲ್ಲಾಂದ್ರೆ ಗೇಟು ಬೇರೆಯವರು ನೋಡ್ಕೋತಾರೆ" ಎಂದು ಹೇಳಿ ಹೋಗಿದ್ದ.

ನಾನು ಹೋದಾಗ ಅತ್ತೆ ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತಿದ್ದರು. ಗಾಡಿಯ ಮೂತಿಯನ್ನು ಕಲ್ಲಿನ ಮೇಲೆ ಎತ್ತಿಟ್ಟು ಹ್ಯಾಂಡಲ್ಲನ್ನು ಮೆಲ್ಲಗೆ ತಿರುಗಿಸಿದೆ. ನಡುವಿಗೆ ಬಂದ ಕೂಡಲೇ ಕಟ್ ಎಂದು ಹಳ್ಳಕ್ಕೆ ಬಿದ್ದಂತೆ ನಿಂತಿತು. ನೂಕಿದರೆ ಮಾತ್ರ ಅಲ್ಲಿಂದ ಏಳುತ್ತಿತ್ತು. ಕಾಯಿಲೆ ಸ್ಪಷ್ಟವಾಗಿತ್ತು. ಹ್ಯಾಂಡಲ್ಲಿನ ದಂಡ ಗಾಡಿಯ ಕುತ್ತಿಗೆಯೊಳಗೆ ತಿರುಗುವ ಕಡೆ, ಮೇಲೊಂದು ಕೆಳಗೊಂದು ಜೋಡಿ ಉಕ್ಕಿನ ಬಟ್ಟಲು, ಪ್ರತಿ ಜೋಡಿಯ ನಡುವೆ ಸಣ್ಣ ಉಕ್ಕಿನ ಗುಂಡುಗಳು. ವರ್ಷಗಟ್ಟಲೆ ನೇರ ಬದುವಿನ ಮೇಲೆ ಕುಲುಕಿ ಕುಲುಕಿ ಗುಂಡುಗಳು ಬಟ್ಟಲಲ್ಲಿ ಒಂದೇ ಜಾಗದಲ್ಲಿ ಕುಳಿ ತೋಡಿಕೊಂಡಿದ್ದವು.

"ಮೇಲಿನ ನಟ್ಟು ಒಂಚೂರು ಬಿಗಿ ಮಾಡಿ ಸಾಕು," ಅಂದರು ಅತ್ತೆ. "ಟಕಟಕ ನಿಂತ್ರೆ ಅವನ ಬಾಯಿ ಮುಚ್ಚುತ್ತೆ. ಒಳಗಿಂದು ಮುಟ್ಟೋಕೆ ಹೋಗ್ಬೇಡಿ."

"ಹುಳುಕು ಹಲ್ಲಿಗೆ ಸುಣ್ಣ ಬಳಿದ್ರೆ ಆಯ್ತಾ ಅತ್ತೆ? ಬಟ್ಟಲು, ಗುಂಡು ಸಮೇತ ಹೊಸ ಬೇರಿಂಗೇ ತಂದಿದ್ದೀನಿ, ಹಾಕ್ತೀನಿ."

"ಹಳೇದೇ ನನಗೆ ಒಗ್ಗಿದೆ."

"ಎಲ್ಲಾರೂ ಹೀಗೇ ಅಂತಾರೆ," ಅಂದೆ. ನನಗೆ ಮೈಯೆಲ್ಲ ನೋವು, ಬೇಗ ಮುಗಿದರೆ ಸಾಕಾಗಿತ್ತು. ಆದರೂ ಅರ್ಧ ಕೆಲಸ ಮಾಡಿ ಹೋದರೆ ನಿದ್ದೆ ಬಾರದ ದರಿದ್ರ ಸ್ವಭಾವ ನನ್ನದು.

ಮುಂದಿನ ಚಕ್ರವನ್ನು ಅದರ ಎರಡು ಕಾಲಿನ ಫೋರ್ಕಿನಿಂದ ಕಳಚಿದೆ, ಹ್ಯಾಂಡಲ್ ಬಿಚ್ಚಿ ಪಕ್ಕಕ್ಕೆ ಇಳಿಬಿಟ್ಟೆ. ಫೋರ್ಕಿನ ದಂಡದ ತುದಿಯ ದೊಡ್ಡ ನಟ್ಟು ಉಪ್ಪುಗಾಳಿಗೆ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಕದಲಲಿಲ್ಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ನೇತಾಡಿದ ಮೇಲೆ ಬಿಟ್ಟುಕೊಟ್ಟಿತು. "ಫೋರ್ಕನ್ನ ಕೆಳಗಿಂದ ಎರಡೂ ಕೈಯಲ್ಲಿ ಹಿಡ್ಕೊಳ್ಳಿ ಅತ್ತೆ, ಬೀಳುತ್ತೆ," ಅಂದೆ. ಹಿಡಿದರು. ನಟ್ಟು ಬಂದದ್ದೇ ತಡ, ಫೋರ್ಕು ಅವರ ಎಡಗೈಯಿಂದ ಜಾರಿ, ಗುಂಡುಗಳು ಶೆಡ್ಡಿನ ತುಂಬ ಚೆಲ್ಲಾಪಿಲ್ಲಿಯಾದವು.

"ಏನತ್ತೆ ಇದು, ಗಟ್ಟಿಯಾಗಿ ಹಿಡ್ಕೊಳ್ಳೋದಲ್ವಾ!"

ಅವರು ಬಲಗೈಯಲ್ಲಿ ಗುಂಡು ಹೆಕ್ಕತೊಡಗಿದರು. ಎದುರಿಗಿದ್ದದ್ದೇ ಕಾಣದ ಕುರುಡ ನಾನು.

ಕೆಳಗಿನ ಬಟ್ಟಲು ದಂಡಕ್ಕೆ ಕಚ್ಚಿಕೊಂಡಿತ್ತು. ಉಳಿ ಇಟ್ಟು ಒಂದು ಪೆಟ್ಟು ಈ ಕಡೆ, ಒಂದು ಪೆಟ್ಟು ಆ ಕಡೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆಬ್ಬಿಸಿದೆ. ಕುತ್ತಿಗೆಯೊಳಗಿನ ಬಟ್ಟಲುಗಳನ್ನು ಸರಳು ಹಾಕಿ ಹೊಡೆದು ಕೆಡವಿದೆ. ಹೊಸದನ್ನು ಕೂರಿಸುವಾಗ ಹಳೆಯದನ್ನೇ ಅದರ ಮೇಲಿಟ್ಟು ಬಡಿದೆ, ಸುತ್ತಿಗೆ ನೇರವಾಗಿ ತಾಗಿದರೆ ಹೊಸದು ಹಾಳು. ಕೆಲಸ ಮುಗಿದ ಹಳೆಯ ಬಟ್ಟಲುಗಳನ್ನು ಸೀಮೆಎಣ್ಣೆಯ ತಟ್ಟೆಗೆ ಹಾಕಿದೆ. ಗ್ರೀಸು ತುಂಬಿ, ಜೋಡಿಸಿ, ಬಿಗಿ ಮಾಡುವ ಹೊತ್ತಿಗೆ ನನ್ನ ಸೊಂಟ ನನ್ನದಾಗಿರಲಿಲ್ಲ.

ಆದರೆ ಕೆಲಸ ಅಂದರೆ ಕೆಲಸ. ಬೆರಳು ತಾಗಿಸಿದರೆ ಸಾಕು, ಹ್ಯಾಂಡಲ್ ಬೆಣ್ಣೆಯಂತೆ ಅತ್ತಿಂದಿತ್ತ ಜಾರುತ್ತಿತ್ತು. ಎಲ್ಲೂ ತಡೆಯಿಲ್ಲ.

"ಈಗ ಹತ್ತಿ ಮಹಾರಾಣಿಯೋರೆ," ಅಂದೆ.

ಕಡಲು ಏರತೊಡಗಿತ್ತು, ದೂರದ ಗೇಟು ತೆಗೆಯುವ ಹೊತ್ತು. ಅತ್ತೆ ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹತ್ತಿ ಕೂತರು. ಎಡಗೈಯನ್ನು ಹ್ಯಾಂಡಲ್ ಮೇಲೆ ಇಟ್ಟರು. ಅಂದರೆ, ಬಲಗೈಯಿಂದ ಅದನ್ನು ಎತ್ತಿ ಇಟ್ಟರು. ಗಾಡಿ ಹೊರಟಿತು. ಹೆಬ್ಬೆರಳು ಒತ್ತಿದಂತೆ ಹ್ಯಾಂಡಲ್ ಒಂದು ಕಡೆಗೆ ಎಳೆಯಿತು, ಎಡಗೈ ಜಾರಿ ತೊಡೆಗೆ ಬಿತ್ತು. ಅತ್ತೆ ತಿದ್ದಿದರು, ಇನ್ನೊಂದು ಕಡೆಗೆ ಎಳೆಯಿತು. ನೆಟ್ಟಗಿನ ಬದುವಿನ ಮೇಲೆ ಗಾಡಿ ಹಾವಿನಂತೆ ಹೊರಳಿ, ನಾನು ಓಡಿ ಹೋಗುವಷ್ಟರಲ್ಲಿ ಮೂತಿ ಮುಂದಾಗಿ ಗದ್ದೆಗೆ ಇಳಿಯಿತು.

ಪುಣ್ಯಕ್ಕೆ ಗದ್ದೆಯ ಕಡೆಗೆ. ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತು ತೇಲುತ್ತಿದ್ದ ಚಪ್ಪಲಿಯನ್ನು ನೋಡುತ್ತಿದ್ದರು. ಎಡಗೈ ಪಕ್ಕದಲ್ಲಿ ಒದ್ದೆ ಬಟ್ಟೆಯಂತೆ ಜೋತಿತ್ತು.

"ಯಾವಾಗಿಂದ ಅತ್ತೆ?"

"ನಿಮ್ಮ ಮಗು ಹುಟ್ಟೋಕೆ ಮುಂಚೆಯಿಂದ, ಎರಡು ವರ್ಷ ಆಯ್ತು. ಒಂದು ದಿನ ಬೆಳಗಾಗೆದ್ದಾಗ ಹೀಗಿತ್ತು. ಹೇಳಿದ್ರೆ ಮನೇಲಿ ಕೂರಿಸ್ತೀರಿ." ಬಲಗೈಯಲ್ಲಿ ಚಪ್ಪಲಿ ಎತ್ತಿಕೊಂಡು, "ಹ್ಯಾಂಡಲ್ ತಾನಾಗೇ ನೇರಕ್ಕೆ ನಿಲ್ತಿತ್ತು. ನನಗೆ ಒಂದು ಕೈ ಸಾಕಾಗ್ತಿತ್ತು," ಅಂದರು.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಬದುವಿನ ಆಚೆ ಕಾಲುವೆ ತುಂಬಿ ಕಪ್ಪಗೆ ಹರಿಯುತ್ತಿತ್ತು.

ಇಬ್ಬರೂ ಸೇರಿ ಗಾಡಿಯನ್ನು ಮೇಲೆ ತಂದು ಶೆಡ್ಡಿನವರೆಗೆ ನೂಕಿದೆವು. ಅತ್ತೆ ಸೆರಗು ಹಿಂಡಿಕೊಂಡರು.

"ಹಳೇ ಬಟ್ಟಲು ವಾಪಸ್ ಹಾಕಿ, ನಟ್ಟು ಬಿಗಿ ಮಾಡಿದ್ರೆ ಆಗಲ್ವಾ ಅಳಿಯಂದಿರೇ?"

ಆಗುತ್ತಿತ್ತು. ಟಕಟಕ ನಿಲ್ಲುತ್ತಿತ್ತು, ಕುಳಿ ಉಳಿಯುತ್ತಿತ್ತು, ಮೇಲ್ವಿಚಾರಕನೂ ತಲೆಯಾಡಿಸಿ ಹೋಗುತ್ತಿದ್ದ. ಇನ್ನಷ್ಟು ದಿನ ಮಹಾರಾಣಿಯ ಸವಾರಿ ನಡೆಯುತ್ತಿತ್ತು, ಯಾವತ್ತೋ ಒಂದು ದಿನ ಕಾಲುವೆಯ ಕಡೆಗೆ ಹೊರಳುವವರೆಗೆ.

"ಅದು ಒಡೆದೇ ಹೋಯ್ತು ಅತ್ತೆ," ಅಂದೆ. "ಬಿಸಾಕ್ಬಿಟ್ಟೆ."

ಅತ್ತೆಯ ಕಣ್ಣು ನನ್ನ ಕಾಲ ಬಳಿಗೆ ಇಳಿಯಿತು. ಅಲ್ಲಿ ಸೀಮೆಎಣ್ಣೆಯ ತಟ್ಟೆಯಲ್ಲಿ ಎಲ್ಲ ಬಟ್ಟಲುಗಳೂ ಇದ್ದವು, ಒಂದಕ್ಕೂ ಬಿರುಕಿರಲಿಲ್ಲ. ಅವರು ಅದನ್ನು ನೋಡಿದರು. ನೋಡಿದ್ದನ್ನು ನಾನೂ ನೋಡಿದೆ.

"ಹಾಗಾದ್ರೆ ಬಿಡಿ," ಅಂದರು ಅತ್ತೆ. "ನೀರು ಬರ್ತಿದೆ. ಇವತ್ತು ನೀವೇ ಓಡ್ಸಿ."

ನಾನು ಹತ್ತಿದೆ, ಅವರು ಹಿಂದೆ ಕೂತರು. ಬದುವಿನ ಮೇಲೆ ಗಾಡಿ ಎಲ್ಲೂ ಕುಲುಕದೆ, ನಾನು ತಿರುಗಿಸಿದಷ್ಟೇ ತಿರುಗುತ್ತ ಹೋಯಿತು. ನನ್ನ ಬಲ ಭುಜವನ್ನು ಅವರು ಗಟ್ಟಿಯಾಗಿ ಹಿಡಿದಿದ್ದರು.

"ನಾಳೆ ಅವನು ಬಂದು ಎಷ್ಟು ಬೇಕಾದ್ರೂ ಅಲ್ಲಾಡ್ಸಿ ನೋಡ್ಲಿ," ಹಿಂದಿನಿಂದ ದನಿ ಬಂತು. "ಗಾಡೀಲಿ ಏನೂ ದೋಷ ಸಿಗಲ್ಲ."

ನಾನು ಎಡಗೈಯನ್ನು ಹಿಂದಕ್ಕೆ ಚಾಚಿ, ಅವರ ತಣ್ಣನೆಯ ಎಡಗೈಯನ್ನು ಎಳೆದು ನನ್ನ ಸೊಂಟದ ಸುತ್ತ ಇಟ್ಟುಕೊಂಡೆ. ಅದು ಜಾರದಂತೆ ಹಿಡಿದುಕೊಂಡು, ಉಳಿದ ದಾರಿಯನ್ನು ಒಂಟಿಗೈಯಲ್ಲೇ ಓಡಿಸಿದೆ.