ದೋಣಿಯ ಕುಲಾವಿ

ನನ್ನ ಗಂಡ ಆ ಹಳೆಯ ದೋಣಿಯನ್ನು ಮನೆಗೆ ತಂದಾಗ ಅದರ ತಳದಲ್ಲಿ ಬೆಕ್ಕು ತೂರುವಷ್ಟು ತೂತಿತ್ತು. ಆ ವಾರವೇ ಇಂಜಿನ್ ಕೊಳ್ಳಲು ಹೊರಟಿದ್ದರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ? ಮೊದ್ಲು ತೂತು ಮುಚ್ಚಿ," ಎಂದು ತಡೆದವಳು ನಾನೇ. ನೀರು ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ. ಸತ್ತರೂ ಆ ದೋಣಿ ಹತ್ತುವುದಿಲ್ಲ ಎಂದೂ ಅವತ್ತೇ ಹೇಳಿಬಿಟ್ಟಿದ್ದೆ.

ತೂತು ಮುಚ್ಚಿತು, ಹಲಗೆ ಬದಲಾಯಿತು, ಬಣ್ಣವೂ ಆಯಿತು. ಕೂಸಿಗೆ ಗಡ್ಡ ಮೀಸೆ ಬಂದರೂ ಕುಲಾವಿ ಮಾತ್ರ ಬರಲಿಲ್ಲ. ದಿನವಿಡೀ ಹೊಲಿಗೆ ಮಿಷನ್ ತುಳಿದು ಸೊಂಟ ಹಿಡಿದವಳಿಗೆ, ಅಂಗಳದಲ್ಲಿ ಆ ದೋಣಿಯನ್ನು ಸುತ್ತಿಬಳಸಿ ಹೋಗಿ ಬಟ್ಟೆ ಒಣಹಾಕುವುದೇ ಸಾಕುಸಾಕಾಗಿತ್ತು.

ದಡದ ಹತ್ತಿರದ ಹಳೇ ಇಂಜಿನ್ ಅಂಗಡಿಯಲ್ಲಿ ಒಂದು ಒಳ್ಳೆಯದಿತ್ತು. ಇವರು ಹೋಗುವುದು, ನೋಡುವುದು, ಏನಾದರೊಂದು ಕುಂಟುನೆಪ ಹೊತ್ತು ಬರುವುದು. ಒಮ್ಮೆ ಹೊಗೆ ಜಾಸ್ತಿ, ಇನ್ನೊಮ್ಮೆ ನೀರು ತಳ್ಳುವ ಫ್ಯಾನು ಸವೆದಿದೆ, ಮತ್ತೊಮ್ಮೆ ಮಳೆಗಾಲ ಕಳೆದರೆ ಬೆಲೆ ಇಳಿಯುತ್ತದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಹಂಗಿಸಿದೆ.

ಇವತ್ತು ಅಂಗಡಿಯವನು ಫೋನ್ ಮಾಡಿ, ಬೇರೆ ಗಿರಾಕಿ ಬಂದಿದ್ದಾರೆ, ಸಂಜೆಯೊಳಗೆ ಹೇಳಿ ಎಂದ. ನಾನೂ ಜೊತೆಗೆ ಹೊರಟೆ. ಒಂದೋ ಇಂಜಿನ್ ಬರಬೇಕು, ಇಲ್ಲಾ ದೋಣಿ ಹೋಗಬೇಕು. ಕಾದು ಕಾದು ನನಗೂ ಸಾಕಾಗಿತ್ತು.

ಇಂಜಿನ್ನನ್ನು ನೀರು ತುಂಬಿದ ಡ್ರಮ್ಮಿಗೆ ಸಿಕ್ಕಿಸಿದ್ದರು. ಅಂಗಡಿಯವನು ಹಗ್ಗ ಎಳೆದ. ಅದು ಕೆಮ್ಮಿ, ಗುರುಗುಟ್ಟಿ, ಓಡತೊಡಗಿತು. ಆರಿಸಿ, "ಈಗ ನೀವು ಎಳೆದು ನೋಡಿ ಸಾರ್," ಎಂದ.

"ನೀನು ಎಳೆದ್ಯಲ್ಲ, ಸಾಕು."

"ಪ್ರತಿ ಸಲಾನೂ ಹೀಗೇ ಅಂತೀರಪ್ಪ!"

ಇವರ ಬಲಗೈ ಜೇಬಿನಿಂದ ಹೊರಗೆ ಬರಲಿಲ್ಲ. ಆಗ ನನಗೆ ಒಂದೊಂದೇ ಹೊಳೆಯಿತು. ಈಚೆಗೆ ಅಟ್ಟದ ಡಬ್ಬ ಇಳಿಸಲು ನನ್ನನ್ನೇ ಕರೆಯುತ್ತಿದ್ದರು, ತಲೆಯನ್ನೂ ಎಡಗೈಯಲ್ಲೇ ಬಾಚುತ್ತಿದ್ದರು. ನನ್ನ ಗಾದೆ ನನಗೇ ಚುಚ್ಚಿತು.

"ಭುಜಾನಾ?" ಮೆಲ್ಲಗೆ ಕೇಳಿದೆ.

"ಹಗ್ಗ ಎಳೆಯೋಕಾಗಲ್ಲ ಕಣೇ. ನೀರಿನ ಮಧ್ಯೆ ನಿಂತ್ಹೋದ್ರೆ ಏನು ಮಾಡ್ಲಿ? ನಡಿ, ದೋಣಿ ಮಾರ್ಬಿಡೋಣ."

ಅಷ್ಟು ದಣಿದ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. ಸಂಕಟವಾಯಿತು, ಸಿಟ್ಟೂ ಬಂತು. ಬ್ಯಾಗು ಅವರ ಕೈಗೆ ತುರುಕಿ ಹಗ್ಗ ಹಿಡಿದು ಎಳೆದೆ. ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಎಳೆದೆ. ಸೊಂಟ ಚುಳ್ಳೆಂದಿತು. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಾಗ ಇಂಜಿನ್ ಶುರುವಾಯಿತು.

"ತಗೊಳ್ಳಿ," ಎಂದೆ.

"ನೀನು ದೋಣಿ ಹತ್ತಲ್ಲ ಅಂದಿದ್ದೆ."

"ಇಷ್ಟು ವರ್ಷ ಸಂಸಾರ ಎಳೆದಿದೀನಿ. ಇದೊಂದು ಹಗ್ಗ ಭಾರಾನಾ?"

ಅವರು ಇಂಜಿನ್ ಆರಿಸಿ, ಅಂಗಡಿಯವನಿಗೆ ದುಡ್ಡು ಕೊಟ್ಟರು. ಎಡಗೈಯಲ್ಲಿ ಇಂಜಿನ್ನಿನ ಒಂದು ಬದಿ ಹಿಡಿದರು, ಇನ್ನೊಂದು ಬದಿ ನಾನು ಹಿಡಿದೆ. ನನಗೆ ಈಜು ಬರುವುದಿಲ್ಲ ಎಂಬುದು ಅರ್ಧ ದಾರಿಯಲ್ಲಿ ನೆನಪಾಯಿತು.