ಸುಣ್ಣದ ಗೆರೆಯ ದೋಣಿ

"ಇನ್ನಷ್ಟು ಬಿಗಿ ಎಳೀಲೇ, ಗಾಳಿ ಭಾಳ ಐತಿ," ಎಂದ ಮಾಸ್ತರರ ತಮ್ಮ ಸಂಗಯ್ಯ.

ಹೊಳಬಸಪ್ಪ ಹೆಣ ಕೂಡಿಸಿ ಹೊರುವ ವಿಮಾನದ ಬಿದಿರಿಗೆ ಕಾಲು ಒತ್ತಿ ಹಗ್ಗ ಜಗ್ಗಿದ. ವಿಮಾನದ ಬೆನ್ನಿಗೂ ಎರಡು ಮಗ್ಗುಲಿಗೂ ಸುತ್ತಿದ್ದ ಇಲಕಲ್ ಸೀರೆ ಹಲಗೆ ವಾದ್ಯದ ಚರ್ಮದಂತೆ ಬಿಗಿದುಕೊಂಡಿತು. ಮುಂಭಾಗವೊಂದೇ ತೆರೆದಿತ್ತು, ಕೂತವರ ಮುಖ ಊರಿಗೆ ಕಾಣಲೆಂದು.

ಗುರುಲಿಂಗವ್ವ ಪಡಸಾಲೆಯ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಸೀರೆ ಅವಳದೇ. ಟ್ರಂಕಿನ ತಳದಿಂದ ಅವಳೇ ತೆಗೆದುಕೊಟ್ಟಿದ್ದಳು. ಅವಳ ಬದಿಗೆ, ಗೋಡೆಗೆ ಬೆನ್ನು ಕೊಟ್ಟು, ಗಂಡ ಬಸಯ್ಯ ಮಾಸ್ತರರು ಕೂತಿದ್ದರು. ನಸುಕಿನಲ್ಲಿ ಜೀವ ಹೋಗಿತ್ತು. ಮೈ ಸೆಟೆಯುವ ಮೊದಲೇ ನಾಲ್ಕು ಮಂದಿ ಸೇರಿ ಪದ್ಮಾಸನದಲ್ಲಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗ ಇಟ್ಟಿದ್ದರು.

ನೆರೆಮನೆಯ ನೀಲಾಬಾಯಿ ಅವಳ ಕೈ ಹಿಡಿದುಕೊಂಡು, "ಅತ್ತುಬಿಡ್ರಿ ಅಮ್ಮಾರ, ಒಳಗ ಇಟ್ಗೋಬ್ಯಾಡ್ರಿ," ಎಂದಳು.

"ಮಂದಿಗೆ ಚಾ ಆತೇನು?" ಎಂದು ಗುರುಲಿಂಗವ್ವ ಕೇಳಿದಳು.

ನೀಲಾಬಾಯಿಯ ಹಿಡಿತದಲ್ಲಿದ್ದ ಕೈ ತನ್ನದೇ ಎಂಬುದನ್ನು ಅವಳು ನೆನಪು ಮಾಡಿಕೊಳ್ಳಬೇಕಾಯಿತು. ಬೆಳಗಿನಿಂದ ಹೀಗೇ ಆಗಿತ್ತು. ಯಾರೋ ಬಂದು ಅಪ್ಪಿಕೊಂಡು ಅಳುತ್ತಿದ್ದರು; ಅದು ಯಾರಿಗೋ ಆಗುತ್ತಿರುವ ಹಾಗೆ ಅವಳು ನೋಡುತ್ತಿದ್ದಳು.

ಖಾಕಿ ಅಂಗಿಯ ಗಂಡಸೊಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದ. "ನಾ ರಾಜಮಹ್ಮದರಿ ಅಮ್ಮಾರ. ಹುನಗುಂದ ಬಸ್ಸಿನ ಡ್ರೈವರ್ ಅದೇನಿ. ಸುಣ್ಣದ ದೋಣ್ಯಾಗ ನಾ ಮೂಗಿನ ಹಂತೇಕ ಕೂಡ್ತಿದ್ದೆ."

ಅವಳು ತಲೆಯಾಡಿಸಿದಳು. ಅವನು ಮಾಸ್ತರರ ಪಾದ ಮುಟ್ಟಿ ಹೊರಗೆ ಹೋದ.

ಅಂಗಳದಲ್ಲಿ ಹೊಳಬಸಪ್ಪ ಹಗ್ಗಕ್ಕೆ ಗಂಟು ಹಾಕುತ್ತ ಮಗ್ಗುಲಿನವನಿಗೆ ಮೆಲ್ಲಗೆ ಹೇಳಿದ: "ಕಡೀಕೂ ಮಾಸ್ತರ ಹಡಗು ಬಂತು ನೋಡಲೇ."

ಮಗ್ಗುಲಿನವನು ಟವೆಲ್ಲಿನಿಂದ ಬಾಯಿ ಒತ್ತಿಕೊಂಡ. ಹೊಳಬಸಪ್ಪ ಕೆಟ್ಟವನಲ್ಲ. ನಸುಕಿನಿಂದ ಹೂವಿಗೆ, ಬಿದಿರಿಗೆ ಓಡಾಡಿದವನು ಅವನೇ. ಆದರೆ ಮಾತು ಗುರುಲಿಂಗವ್ವನ ಕಿವಿಗೆ ಬಿತ್ತು. ಆಗ ಅವಳಲ್ಲಿ ಒಂದೇ ಒಂದು ಆಸೆ ಅಲುಗಾಡಿತು. ಇದ್ದಷ್ಟು ದಿನ ನಕ್ಕರು. ಇವತ್ತೊಂದು ದಿನ ಯಾರೂ ನಗಬಾರದು.

*

ಹಡಗಿನ ಕತೆ ಎಪ್ಪತ್ತಮೂರರದು. ಬಸಯ್ಯ ಕಲಿಸುತ್ತಿದ್ದ ಹೈಸ್ಕೂಲಿಗೆ ನೌಕಾದಳದ ಎನ್‌ಸಿಸಿ ತುಕಡಿ ಮಂಜೂರಾಯಿತು. ಬೇಸಿಗೆಯಲ್ಲಿ ಹೊಳೆಯ ನೀರು ಎಮ್ಮೆಯ ಮೊಣಕಾಲಿಗೂ ಬರದ ಬಾಗಲಕೋಟೆಗೆ ಅದನ್ನು ಯಾರು ಕಳಿಸಿದರೋ ತಿಳಿಯದು. ಉಳಿದ ಮಾಸ್ತರರೆಲ್ಲ ಕೈ ತೊಳೆದುಕೊಂಡರು. "ಬಸಯ್ಯನವರು ಒಲ್ಲೆ ಅನ್ನಾಂಗಿಲ್ಲ," ಎಂದರು ಹೆಡ್‌ಮಾಸ್ತರರು. ಬಸಯ್ಯ ಒಲ್ಲೆ ಅನ್ನಲಿಲ್ಲ.

ಅವರನ್ನು ಕಾರವಾರಕ್ಕೆ ತರಬೇತಿಗೆ ಕಳಿಸಿದರು. ಅಲ್ಲಿ ಒಮ್ಮೆ ದೋಣಿ ಹತ್ತಿ, ವಾಂತಿ ಮಾಡಿಕೊಂಡು ಇಳಿದರು. ಉಳಿದದ್ದನ್ನು ದಂಡೆಯಲ್ಲಿ ಕೂತು ಪುಸ್ತಕದಲ್ಲಿ ಓದಿದರು. ಶಾಲೆಗೊಂದು ದೋಣಿ ಬರುತ್ತದೆ ಎಂದು ಹೇಳಿದ್ದರು. ಅದು ಬರಲಿಲ್ಲ. ಕಾದು ಕಾದು ಬಸಯ್ಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ದೋಣಿ ಬರೆದರು. ನಡುವೆ ಬಿದಿರು ಹುಗಿದರು. ಹುಡುಗರನ್ನು ಗೆರೆಯೊಳಗೆ ಕೂಡಿಸಿದರು. ಪುಸ್ತಕದ ಶಬ್ದಗಳು ಹುಡುಗರ ನಾಲಿಗೆಗೆ ಹತ್ತದಿರುವುದನ್ನು ಕಂಡು ತಾವೇ ಹೆಸರಿಟ್ಟರು. ಮುಂದಿನ ತುದಿ ಮೂಗು. ಹಿಂದಿನದು ಬೆನ್ನು. ಗೆರೆ ದಾಟಿದವನು ನೀರಿಗೆ ಬಿದ್ದ ಹಾಗೆ. ಬಿದ್ದವನು ಬೇವಿನ ಗಿಡದ ಕೆಳಗೆ ನಿಲ್ಲಬೇಕು.

ಬೇಲಿಯಾಚೆ ಮಂದಿ ಸೇರುತ್ತಿತ್ತು. "ಮಾಸ್ತರ, ನೀರು ಎಷ್ಟು ಆಳ ಐತ್ರಿ?" ಎಂದು ಹೊಳಬಸಪ್ಪ ಕೂಗಿ ಕೇಳುತ್ತಿದ್ದ.

"ಇಲ್ಲೆ ಅಷ್ಟೇನಿಲ್ರಿ," ಎಂದು ಬಸಯ್ಯ ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಮಂದಿ ಇನ್ನೂ ಜೋರಾಗಿ ನಗುತ್ತಿತ್ತು.

ಸಂಜೆ ಅವರು ಹೆಂಡತಿಯನ್ನು ಮಾಳಿಗೆಗೆ ಕರೆಯುತ್ತಿದ್ದರು. ಮರುದಿನದ ಪಾಠವನ್ನು ಮೊದಲು ಅವಳಿಗೆ ಕಲಿಸಿ ನೋಡಬೇಕು. "ತಪ್ಪು ಕಲಿಸಿದ್ರ ಹುಡುಗೂರು ಮುಂದ ಖರೆ ನೀರಾಗ ಮುಳುಗತಾವ," ಎನ್ನುವ ಭಯ ಅವರಿಗೆ. ಅವಳ ಮದುವೆಯ ಇಲಕಲ್ ಸೀರೆಯನ್ನು, ಟೋಪಿ ತೆನಿ ನೇಯ್ಗೆಯ ಸೆರಗು ಮೇಲಾಗಿ, ಬಿದಿರಿಗೆ ಕಟ್ಟಿ, ಕೆಳಗಿನ ಮೂಲೆಯ ಹಗ್ಗವನ್ನು ಅವಳ ಕೈಗೆ ಕೊಡುತ್ತಿದ್ದರು.

ಆಷಾಢದ ಗಾಳಿ ಒಮ್ಮೆಲೆ ಬಂದು ಸೀರೆ ತುಂಬಿತು. ಅವಳು ಇದ್ದ ಬಲವನ್ನೆಲ್ಲ ಹಾಕಿ ಎಳೆದಳು. ಬಿದಿರು ವಾಲಿತು, ಅಂಗೈ ಉರಿಯಿತು.

"ಬಿಡು," ಎಂದರು ಬಸಯ್ಯ.

"ಬಿಟ್ರ ಹಾರಿ ಹೋಕ್ಕೈತ್ರಿ."

"ತುದಿ ನಿನ್ನ ಕೈಯಾಗ ಇರತೈತಿ, ಎಲ್ಲಿ ಹೋಗತೈತಿ? ಗಾಳಿ ಜೋರಾತಂದ್ರ ಎಲ್ಲಾರೂ ಎಳೀತಾರ. ಎಳದ್ರ ದೋಣಿ ಮಗಚತೈತಿ. ಸೀರಿ ಪಟಪಟ ಅನ್ನೂತನಕ ಬಿಡಬೇಕು. ಬಿಟ್ಟು, ಮೂಗು ಗಾಳಿಗೆ ಕೊಡಬೇಕು. ಆಮ್ಯಾಲ ಅದು ತಾನ ನೆಟ್ಟಗ ನಿಲ್ಲತೈತಿ."

"ನೀವು ನೋಡೀರೇನು?"

ಬಸಯ್ಯ ವಾಲಿದ ಬಿದಿರು ನೆಟ್ಟಗೆ ಮಾಡುತ್ತ, "ಪುಸ್ತಕದಾಗ ಐತಿ," ಎಂದರು.

ಒಂದು ಸಂಜೆ ಮಗ್ಗುಲ ಮಾಳಿಗೆಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುವುದನ್ನು ಗುರುಲಿಂಗವ್ವ ಕಂಡಳು. ಸೀರೆ ಬಿಚ್ಚಿ ಮಡಚಿಕೊಂಡು ಕೆಳಗೆ ಬಂದಳು. ಆಮೇಲೆ ಹತ್ತಲಿಲ್ಲ. ತುಕಡಿಯೂ ಕೆಲವು ವರ್ಷಕ್ಕೆ ಮುಚ್ಚಿತು. ಆದರೂ ಆಷಾಢ ಬಂತೆಂದರೆ ಮೇಲಿನಿಂದ ದನಿ ಬರುತ್ತಿತ್ತು: "ಬರ್ತೀಯೇನು? ಗಾಳಿ ಚೊಲೋ ಐತಿ."

"ಹಂಚಿನ ಮ್ಯಾಲ ರೊಟ್ಟಿ ಐತ್ರಿ," ಎನ್ನುತ್ತಿದ್ದಳು. ಹೋದ ವಾರವೂ ಹಾಗೇ ಅಂದಿದ್ದಳು.

*

ಓಣಿ ದಾಟುವ ತನಕ ವಿಮಾನ ನೆಟ್ಟಗೇ ಹೋಯಿತು. ಭಜನೆಯವರು ಮುಂದೆ, ಹೆಂಗಸರು ಹಿಂದೆ. ಶಾಲೆಯ ಹಿಂದಿನ ಬಯಲಿಗೆ ಬಂದಾಗ ಮನೆಗಳ ಮರೆ ತಪ್ಪಿ ಗಾಳಿ ಮಗ್ಗುಲಿಗೆ ಹೊಡೆಯಿತು. ಬಿಗಿದ ಸೀರೆ ಅದನ್ನು ಪೂರ್ತಿ ಹಿಡಿಯಿತು. ಬಿದಿರು ಕಿರ್ರೆಂದಿತು. ವಿಮಾನ ಒಂದು ಕಡೆಗೆ ವಾಲಿತು. ಹೊತ್ತವರ ಕಾಲು ತೊಡರಿದವು. ತಲೆ ನೆಟ್ಟಗಿರಲೆಂದು ಕಟ್ಟಿದ್ದ ಪಟ್ಟಿ ಸಡಿಲಾಗಿ ಬಸಯ್ಯನ ತಲೆ ಹೆಗಲಿಗೆ ಬಾಗಿತು.

"ಎಳೀರಿ, ಹಗ್ಗ ಎಳೀರಿ," ಎಂದ ಸಂಗಯ್ಯ. ಹೊಳಬಸಪ್ಪ ಮತ್ತು ಇನ್ನಿಬ್ಬರು ಹಗ್ಗಕ್ಕೆ ಜೋತುಬಿದ್ದರು. ವಿಮಾನ ಇನ್ನಷ್ಟು ವಾಲಿತು. ಹಿಂದೆ ಯಾರೋ ಹುಡುಗಿ ಕಿಸಕ್ಕನೆ ನಕ್ಕಳು, ಹೆದರಿಕೆಗೋ ಏನೋ.

"ಹಗ್ಗ ಬಿಡ್ರಿ," ಎಂದಳು ಗುರುಲಿಂಗವ್ವ.

ಯಾರಿಗೂ ಕೇಳಿಸಲಿಲ್ಲ. ಅವಳು ಹೆಂಗಸರ ಸಾಲಿನಿಂದ ಹೊರಬಂದು ವಿಮಾನದ ಮಗ್ಗುಲಿಗೆ ನಡೆದಳು. "ಹಗ್ಗ ಬಿಡ್ರಿ."

"ವೈನಿ, ನೀವು ಹಿಂದ ನಡೀರಿ," ಎಂದ ಸಂಗಯ್ಯ. "ಬಿಟ್ರ ಅಣ್ಣ ಮಣ್ಣಾಗ ಬೀಳತಾನ."

"ಬೀಳಾಂಗಿಲ್ಲ. ಹಗ್ಗ ಬಿಟ್ಟು, ಮೂಗು ಗಾಳಿಗೆ ಕೊಡ್ರಿ."

ಮಂದಿ ಅವಳ ಮುಖ ನೋಡಿತು. ಗಂಡ ಸತ್ತ ಹೆಂಗಸು ಏನೋ ಬಡಬಡಿಸುತ್ತಿದ್ದಾಳೆ ಎಂಬ ಕನಿಕರ ಆ ನೋಟದಲ್ಲಿತ್ತು. ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ರಾಜಮಹ್ಮದ ಮಾತ್ರ ಹಿಂದಿರುಗಿ ನೋಡಲಿಲ್ಲ. "ಮೂಗು ಗಾಳಿಗೆ," ಎಂದು ತರಗತಿಯಲ್ಲಿ ಒಪ್ಪಿಸುವ ಹಾಗೆ ಹೇಳಿ, ಹೆಜ್ಜೆ ಪಕ್ಕಕ್ಕಿಟ್ಟು ತಿರುಗಿದ. ಉಳಿದವರು ಅವನ ಜೊತೆ ತಿರುಗಲೇಬೇಕಾಯಿತು.

ಹೊಳಬಸಪ್ಪ ಗಂಟು ಬಿಚ್ಚಿ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. "ಎಷ್ಟು ಬಿಡ್ಲಿರಿ, ಅಮ್ಮಾರ?"

"ಸೀರಿ ಪಟಪಟ ಅನ್ನೂತನಕ."

ಅವನು ಬಿಟ್ಟ. ಸೀರೆ ಒಮ್ಮೆ ಉಬ್ಬಿ, ಛಟೀರೆಂದು ಬಡಿದು, ಬೆನ್ನ ಹಿಂದೆ ಹಾರತೊಡಗಿತು. ಟೋಪಿ ತೆನಿ ಸೆರಗು ಉದ್ದಕ್ಕೂ ಬಿಚ್ಚಿಕೊಂಡಿತು. ಬಿದಿರಿನ ಕಿರಗುಟ್ಟುವಿಕೆ ನಿಂತಿತು. ವಿಮಾನ ನೆಟ್ಟಗಾಯಿತು. ಪಕ್ಕಕ್ಕೆ ಜಾರಿದ್ದ ಹೂವಿನ ಮಾಲೆ ಬಸಯ್ಯನ ಎದೆಯ ನಡುವೆ ಬಂದು ನಿಂತಿತು. ಸಂಗಯ್ಯ ಅಣ್ಣನ ತಲೆ ಎತ್ತಿ ಪಟ್ಟಿ ಮತ್ತೆ ಕಟ್ಟಿದ. ಮುಖ ಈಗ ಗಾಳಿಗೆ ಎದುರಾಗಿತ್ತು. ಹಣೆಯ ವಿಭೂತಿ ಒಂದಿಷ್ಟು ಪುಡಿಯಾಗಿ ಹಾರಿತು.

ಯಾರೂ ನಗಲಿಲ್ಲ.

"ಇದನ್ನೇನು ಮಾಡ್ಲಿರಿ?" ಎಂದು ಹೊಳಬಸಪ್ಪ ಹಗ್ಗದ ತುದಿ ತೋರಿಸಿದ. ಗುರುಲಿಂಗವ್ವ ಕೈ ಚಾಚಿದಳು.

ಬಯಲಿನಲ್ಲಿ ವಿಮಾನ ಗಾಳಿಗೆ ಮೂಗು ಕೊಟ್ಟು ನಡೆಯಿತು. ಅವಳು ಬದಿಯಲ್ಲಿ ನಡೆದಳು. ಬೆಳಗಿನಿಂದ ಯಾರು ಹಿಡಿದರೂ ತಿಳಿಯದಿದ್ದ ಕೈಯನ್ನು ಹಗ್ಗ ಒಮ್ಮೆ ಜಗ್ಗಿತು, ಮತ್ತೊಮ್ಮೆ ಜಗ್ಗಿತು. ಅವಳು ಇನ್ನೊಂದು ಗೇಣು ಬಿಟ್ಟಳು.