ಉಡಿ ತುಂಬಿದ ಸೀರೆಯ ಜಾಹೀರಾತು

ನಮ್ಮ ಮನೆಗೆ ಬಂದ ಹೆಣ್ಣುಮಗಳನ್ನು ನಾನು ಬರಿಗೈಲಿ ಕಳಿಸಿದವಳಲ್ಲ. ಹಾಗಾಗಿ ಚಳ್ಳಕೆರೆಯ ದೀಪಿಕಾ ನಮ್ಮ ಸೀರೆಗಳ ಮೇಲೆ ರೀಲ್ ಮಾಡಲು ಮೊಳಕಾಲ್ಮೂರಿಗೆ ಬಂದಾಗ, ನೇರಳೆ ಬಣ್ಣದ ರೇಷ್ಮೆ ಸೀರೆಯನ್ನೇ ಇಟ್ಟು ಉಡಿ ತುಂಬಿದೆ. ನನ್ನ ಗಂಡ ಹೊನ್ನೂರಸ್ವಾಮಿ ನೇಯ್ದ ಸೀರೆ. ಅಂಗಡಿಯವರು ನಮ್ಮಿಂದ ಕೊಳ್ಳುವುದನ್ನು ನಿಲ್ಲಿಸಿದ್ದರು. ಫೋನಿನಲ್ಲಾದರೂ ಗಿರಾಕಿ ಸಿಗದಿದ್ದರೆ ಮಗ್ಗ ಬಿಚ್ಚಿಡುವುದೆಂದು ನನ್ನ ಗಂಡ ತೀರ್ಮಾನಿಸಿಬಿಟ್ಟಿದ್ದರು.

ದೀಪಿಕಾ ಆ ಸೀರೆ ಉಟ್ಟು ಸೊಗಸಾಗಿ ಮಾತಾಡಿದಳು. ರೀಲ್ ಓಡಿತು. ಅದರ ಕೆಳಗೆ ದಾವಣಗೆರೆಯ ಕಮಲಾಕ್ಷಮ್ಮ ಎನ್ನುವವರು ಕೇಳಿದರು: “ಸೀರೆ ನೀವು ಕೊಂಡಿದ್ದೋ, ಪುಕ್ಕಟೆ ಬಂದಿದ್ದೋ?”

ಮರುದಿನ ದೀಪಿಕಾ ಫೋನ್ ಮಾಡಿದಳು. “ಗೀತಕ್ಕ, ದುಡ್ಡು ತಗೊಳ್ಳದಿದ್ರೂ ಸೀರೆ ತಗೊಂಡಿದ್ರೆ ಅದನ್ನ ಹೇಳ್ಬೇಕು ಅಂತ ನಿಯಮ ಐತೆ. ಆ ರೀಲ್ ತೆಗ್ದು, ಜಾಹೀರಾತು ಅಂತ ಹಾಕಿ ಬೇರೆ ಮಾಡ್ತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. “ಉಡಿ ತುಂಬಿದ್ದಕ್ಕೆ ಜಾಹೀರಾತು ಅಂತಾರೇನೆ? ಅರಿಶಿನ ಕುಂಕುಮ ಕೊಟ್ಟಿದ್ದು ಕೂಲಿನಾ?”

“ನಾನು ರೀಲ್ ಮಾಡೋಕೆ ಬರ್ದೇ ಇದ್ದಿದ್ರೆ ರೇಷ್ಮೆ ಸೀರೆ ಇಡ್ತಿದ್ರಾ, ಅಕ್ಕ?”

ಬೇರೆಯವರಿಗೆಲ್ಲ ನಾನು ಇಡುತ್ತಿದ್ದದ್ದು ಒಂದು ರವಿಕೆ ಕಣ, ಒಂದಿಷ್ಟು ಬಾಳೆಹಣ್ಣು. ಹೂಂ ಅಂದೆ. ಆದರೆ ಹೆದರಿಕೆ ಹೋಗಲಿಲ್ಲ. ಜಾಹೀರಾತು ಅಂದಮೇಲೆ ಯಾರು ನಂಬುತ್ತಾರೆ?

ಅದೇ ಸೀರೆ ಹಿಡಿದು ಅವಳು ಮತ್ತೆ ಬಂದಳು. ಈ ಸಲ ಉಡಿ ತುಂಬುವುದನ್ನೇ ಚಿತ್ರಿಸಿಕೊಂಡಳು. “ಇದು ಜಾಹೀರಾತು. ತೋರ್ಸೋಕೆ ಅಂತ ಗೀತಕ್ಕ ಈ ಸೀರೆ ಕೊಟ್ಟಿದಾರೆ, ನಾನು ಕೊಂಡಿಲ್ಲ,” ಎಂದು ಮೊದಲೇ ಹೇಳಿದಳು. ಆಮೇಲೆ ಸೆರಗನ್ನು ಬೆಳಕಿಗೆ ಹಿಡಿದು, ಒಂದು ಕಡೆ ಎಳೆ ದಪ್ಪವಾಗಿದ್ದನ್ನೂ ಬೆರಳಿಟ್ಟು ತೋರಿಸಿಬಿಟ್ಟಳು. ಬೇಡವೆಂದು ನಾನು ಕೈಸನ್ನೆ ಮಾಡಿದೆ. ನೇಯ್ದವರು ಮಾತ್ರ, “ಇರೋದು ಐತೆ, ತೋರ್ಸಲಿ ಬಿಡು,” ಎಂದು ಬೀಡಿ ಹಚ್ಚಿದರು.

ನಮ್ಮ ನಂಬರ್ ಸೇರಿಸಿ ರೀಲ್ ಹಾಕಿದ ಮೇಲೆ ಸಂಜೆಯವರೆಗೂ ಫೋನ್ ಸುಮ್ಮನಿತ್ತು. ಕೊನೆಗೆ ಕರೆ ಮಾಡಿದ್ದು ಕಮಲಾಕ್ಷಮ್ಮನೇ. “ಕೇಳಿದ್ದಕ್ಕೆ ಮುಚ್ಚಿಡದೆ ಹೇಳಿದ್ರಲ್ಲ, ನಂಬಿಕೆ ಬಂತು ನೋಡ್ರಿ. ಅಂಥದೇ ಒಂದು ನನಗೆ, ಒಂದು ನನ್ನ ತಂಗಿಗೆ ನೇಯ್ದು ಕಳಿಸ್ರಿ.”

ಮಾರನೆಯ ಬೆಳಿಗ್ಗೆ ಮಗ್ಗದ ಸದ್ದಿಗೆ ಎಚ್ಚರವಾಯಿತು. ಖುಷಿ ತಡೆಯಲಾಗದೆ ಹಾಸಿಗೆಯ ಮೇಲೇ ಕೂತು ಅತ್ತುಬಿಟ್ಟೆ.

ಸೀರೆಗಳು ಮುಗಿದು ಪಾರ್ಸೆಲ್ ಕಟ್ಟುವಾಗ, ರವಿಕೆ ಕಣ ಮತ್ತು ಅರಿಶಿನ ಕುಂಕುಮದ ಪೊಟ್ಟಣ ಸೇರಿಸಿ ದೀಪಿಕಾಗೆ ಫೋನ್ ಮಾಡಿದೆ. “ಕಮಲಾಕ್ಷಮ್ಮಗೂ ಉಡಿ ತುಂಬ್ತಿದೀನಿ ಕಣೆ. ಇದನ್ನೂ ಜಾಹೀರಾತು ಅಂತ ಹೇಳ್ಬೇಕಾ?”

ಅವಳು ನಕ್ಕಳು. “ಅವ್ರು ದುಡ್ಡು ಕೊಟ್ಟು ಸೀರೆ ತಗೊಂಡಿದಾರೆ, ಅಕ್ಕ. ಇದು ಬರೀ ಉಡಿ.”